ಬೇಸಿಗೆಯಲ್ಲೂ ಉಳಿಯುವ ಹಿತ್ತಲ ಕೈತೋಟ

ಮನೆಯ ಹಿತ್ತಲಲ್ಲಿ ನಾಲ್ಕು ತರಕಾರಿ ಗಿಡ, ನಾಲ್ಕು ಸೊಪ್ಪಿನ ಗಿಡ, ನೆಗಡಿ ಕೆಮ್ಮಿಗೆ ಬೇಕಾಗುವ ಒಂದೆರಡು ಮೂಲಿಕೆ ಇರಬೇಕೆಂಬುದು ನಮ್ಮ ಹಿರಿಯರಿಂದ ಬಂದ ಪದ್ಧತಿ. ಅದರ ಉಪಯೋಗವನ್ನು ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಆದರೂ ಇಂದು ಅನೇಕ ರೈತರ ಮನೆಗಳಲ್ಲಿ ಹೊಲದ ತುಂಬ ಬೆಳೆ ಇದ್ದು, ಅಡಿಗೆಯ ಕರಿಬೇವಿಗೆ ಸಹ ಸಂತೆಯನ್ನು ಕಾಯುವ ಸ್ಥಿತಿಯಿದೆ. ಕೈತೋಟ ಮಾಡುವ ಉತ್ಸಾಹ ಇಲ್ಲವೆಂದಲ್ಲ. ಮಾಡಿದ ಕೈತೋಟ ನಿಲ್ಲುತ್ತಿಲ್ಲ, ಅಷ್ಟೆ. ಅದು ನಿಲ್ಲುವಂತೆ ಮಾಡುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಕೈತೋಟ ಸೋಲುವುದೆಲ್ಲಿ?

ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಸಂಗತಿ ಹೀಗಿದೆ. ಜೂನ್ ತಿಂಗಳಲ್ಲಿ ಬೀಜದ ಪೊಟ್ಟಣಗಳು ಮನೆಗೆ ಬರುತ್ತವೆ. ಬೆಂಡೆ, ಹುರುಳಿಕಾಯಿ, ಮೂಲಂಗಿ, ಟೊಮೇಟೊ, ಕೊತ್ತಂಬರಿ ಎಲ್ಲವನ್ನೂ ಬಿತ್ತುತ್ತಾರೆ. ಮಳೆಗಾಲದಲ್ಲಿ ಚೆನ್ನಾಗಿ ಬೆಳೆದು, ಸೆಪ್ಟೆಂಬರ್‌ವರೆಗೆ ಮನೆಯವರೆಲ್ಲರೂ ಉಣ್ಣುತ್ತಾರೆ. ಅಷ್ಟರಲ್ಲಿ ಹೊಲದಲ್ಲಿ ಕಳೆ, ಕೊಯ್ಲು, ಒಕ್ಕಣೆ ಒಂದರ ಹಿಂದೆ ಒಂದು ಬರುತ್ತದೆ. ಮನೆಯ ಹೆಣ್ಣುಮಕ್ಕಳಿಗೂ ಹಿತ್ತಲ ಕಡೆ ತಿರುಗಿ ನೋಡುವಷ್ಟು ಬಿಡುವಿರುವುದಿಲ್ಲ. ಮಳೆ ನಿಂತ ಮೇಲೆ ನೀರು ಹೊರಬೇಕು. ಡಿಸೆಂಬರ್ ಹೊತ್ತಿಗೆ ಗಿಡಗಳು ಒಣಗುತ್ತವೆ, ಬೇಲಿ ಬಿದ್ದ ಕಡೆಯಿಂದ ಮೇಕೆ ನುಗ್ಗುತ್ತದೆ, ಸಂಕ್ರಾಂತಿಯ ಹೊತ್ತಿಗೆ ಅಲ್ಲಿ ಕರು ಕಟ್ಟಲಾಗಿರುತ್ತದೆ. ಸೊಪ್ಪು ತರಕಾರಿ ತುಟ್ಟಿಯಾಗುವುದು, ಊಟದಲ್ಲಿ ಹಸಿರು ಕಡಿಮೆಯಾಗುವುದು ಮಾರ್ಚ್‌ನಿಂದ ಮೇ ತಿಂಗಳವರೆಗೆ. ಆ ಕಾಲಕ್ಕೆ ಸರಿಯಾಗಿ ಕೈತೋಟ ಇಲ್ಲವಾಗಿರುತ್ತದೆ.

ಇದು ಆ ಮನೆಯವರ ಸೋಮಾರಿತನವಲ್ಲ. ತೋಟದ ಯೋಜನೆಯಲ್ಲೇ ಇರುವ ದೋಷ. ಮೂರು ತಿಂಗಳ ಬೆಳೆಗಳನ್ನು ಬಿತ್ತಿದರೆ ಮೂರು ತಿಂಗಳಿಗೊಮ್ಮೆ ಅಗೆತ, ಬಿತ್ತನೆ, ಕಳೆ, ನೀರು ಎಲ್ಲವೂ ಮತ್ತೆ ಮೊದಲಿನಿಂದ ಆಗಬೇಕು. ಈ ಕೆಲಸ ಬೀಳುವುದು ಬಹುಪಾಲು ಮನೆಯ ಗೃಹಿಣಿಯ ಮೇಲೆ. ದನಕರು, ಅಡಿಗೆ, ಮಕ್ಕಳು, ಹೊಲ ಇವುಗಳ ಜೊತೆಗೆ ಕೈತೋಟವೆಂಬ ಹೆಸರಿನಲ್ಲಿ ಇನ್ನೊಂದು ಕೆಲಸವನ್ನು ಆಕೆಯ ತಲೆಗೆ ಕಟ್ಟಿದರೆ ಅದು ನಡೆಯಲಾರದು.

ಆದ್ದರಿಂದ ಗಿಡವನ್ನು ಆರಿಸುವಾಗ ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಸುಗ್ಗಿಯ ಕಾಲದಲ್ಲಿ ಹದಿನೈದು ದಿನ ಇದರ ಕಡೆ ನೋಡದಿದ್ದರೆ ಇದು ಬದುಕಿರುತ್ತದೆಯೇ? ಬದುಕುವಂಥದು ಮೊದಲು ನೆಲಕ್ಕೆ ಹೋಗಲಿ. ಬದುಕದಂಥದನ್ನು ಕೈ ಬಿಡುವಿದ್ದಾಗ, ಮಳೆಗಾಲದಲ್ಲಿ ಮಾತ್ರ ಹಾಕಿಕೊಳ್ಳಬಹುದು.

ಹಸಿರು ಸೊಪ್ಪಿನ ಅಗತ್ಯ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯು ಪ್ರೌಢರೊಬ್ಬರಿಗೆ ದಿನಕ್ಕೆ ಬೇಕಾದ ತರಕಾರಿಯಲ್ಲಿ 100 ಗ್ರಾಂ ಹಸಿರು ಸೊಪ್ಪು ಇರಬೇಕೆಂದು ಹೇಳುತ್ತದೆ. ಐದು ಜನರ ಮನೆಗೆ ಇದು ದಿನಕ್ಕೆ ಅರ್ಧ ಕಿಲೋ ಆಯಿತು. ಇಷ್ಟನ್ನು ವರ್ಷವಿಡೀ ಕೊಂಡು ತಿನ್ನುವುದು ಸಣ್ಣ ರೈತ ಕುಟುಂಬಕ್ಕೆ ಕಷ್ಟ. ಹಿತ್ತಲಲ್ಲಿ ಎರಡು ನುಗ್ಗೆ ಗಿಡ, ಒಂದು ಸಾಲು ಚಕ್ರಮುನಿ, ನಾಲ್ಕು ಬಸಳೆ ಬಳ್ಳಿ ಇದ್ದರೆ ಇದರ ಹೆಚ್ಚಿನ ಭಾಗವನ್ನು ಮನೆಯಲ್ಲೇ ಪಡೆಯಬಹುದು.

ಸೊಪ್ಪಿನಲ್ಲಿರುವ ಕಬ್ಬಿಣವನ್ನು ನಮ್ಮ ದೇಹ ಸ್ವಲ್ಪ ಮಟ್ಟಿಗೆ ಮಾತ್ರ ಹೀರಿಕೊಳ್ಳುತ್ತದೆ. ಊಟದಲ್ಲಿ ‘ಸಿ’ ಜೀವಸತ್ವ ಇದ್ದರೆ ಹೀರುವಿಕೆ ಹೆಚ್ಚುತ್ತದೆ. ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಬೇಕೆನ್ನುವುದು ಇದಕ್ಕಾಗಿ. ಊಟದ ಜೊತೆಯಲ್ಲೇ ಕಾಫಿ, ಚಹಾ ಕುಡಿಯುವುದರಿಂದ ಹೀರುವಿಕೆ ಕುಗ್ಗುತ್ತದೆ. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಗಳಿಗೆ ಸೊಪ್ಪು ಬದಲಿಯಲ್ಲ. ಅವುಗಳನ್ನು ನಿಲ್ಲಿಸಕೂಡದು.

ಜಾಗ ಮತ್ತು ಬೇಲಿ

ಕೈತೋಟಕ್ಕೆ ಅರ್ಧ ಗುಂಟೆ, ಎಂದರೆ ಸುಮಾರು 33 ಅಡಿ ಉದ್ದ, 16 ಅಡಿ ಅಗಲದ ಜಾಗ ಸಾಕು. ಇದಕ್ಕಿಂತ ಕಡಿಮೆ ಇದ್ದರೂ ನಡೆಯುತ್ತದೆ. ದೊಡ್ಡದಾಗಿ ಮಾಡಿ ಬಿಟ್ಟುಬಿಡುವುದಕ್ಕಿಂತ ಚಿಕ್ಕದಾಗಿ ಮಾಡಿ ಉಳಿಸಿಕೊಳ್ಳುವುದು ಲೇಸು. ಜಾಗವು ಅಡಿಗೆಮನೆಯ ಬಾಗಿಲಿಗೂ ಬಚ್ಚಲಿಗೂ ಹತ್ತಿರವಿರಬೇಕು. ದಿನಕ್ಕೆ ಐದಾರು ಗಂಟೆಯಾದರೂ ಬಿಸಿಲು ಬೀಳಬೇಕು. ಎತ್ತರಕ್ಕೆ ಬೆಳೆಯುವ ಗಿಡಗಳನ್ನು ಉತ್ತರ ಮತ್ತು ಪಶ್ಚಿಮದ ಅಂಚಿಗೆ ನೆಡಬೇಕು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಉತ್ತರದಂಚಿನ ಗಿಡಗಳ ನೆರಳು ತೋಟದ ಮೇಲೆ ಬೀಳುವುದಿಲ್ಲ. ಪಶ್ಚಿಮದಂಚಿನವು ಬೇಸಿಗೆಯ ಮಧ್ಯಾಹ್ನದ ಬಿಸಿಲಿನಿಂದ ಸೊಪ್ಪಿನ ಮಡಿಗಳನ್ನು ಕಾಯುತ್ತವೆ.

ಗಿಡಕ್ಕಿಂತ ಮೊದಲು ಬೇಲಿ. ಬೇಲಿ ಇಲ್ಲದೆ ನೆಟ್ಟದ್ದು ಮೇಕೆಗೆ ಮತ್ತು ಕೋಳಿಗೆ ನೆಟ್ಟಂತೆ. ಮೊದಲ ವರ್ಷ ಮುಳ್ಳು ಹಾಕಿ ಭದ್ರಪಡಿಸಿ, ಅದರ ಒಳಮಗ್ಗುಲಿಗೆ ಎರಡು ಅಡಿಗೊಂದರಂತೆ ಗೊಬ್ಬರದ ಗಿಡದ (ಗ್ಲಿರಿಸಿಡಿಯ) ಗೂಟಗಳನ್ನು ಮಳೆಗಾಲದಲ್ಲಿ ನೆಡಬೇಕು. ಎರಡನೆಯ ವರ್ಷದಿಂದ ಇದೇ ಜೀವಂತ ಬೇಲಿಯಾಗುತ್ತದೆ. ಸವರಿದ ಸೊಪ್ಪು ಗಿಡಗಳ ಬುಡಕ್ಕೆ ಹೊದಿಕೆಯೂ ಗೊಬ್ಬರವೂ ಆಗುತ್ತದೆ.

ಬಚ್ಚಲ ನೀರಿನ ಬಳಕೆ

ಬೇಸಿಗೆಯಲ್ಲಿ ಕೊಡ ಹೊತ್ತು ಗಿಡ ಉಳಿಸುವುದು ಬಹುಕಾಲ ನಡೆಯುವ ಮಾತಲ್ಲ. ಐದು ಜನರ ಮನೆಯಲ್ಲಿ ತಲೆಗೆ 15ರಿಂದ 20 ಲೀಟರಿನಂತೆ ಸ್ನಾನದ ನೀರೇ ದಿನಕ್ಕೆ 75ರಿಂದ 100 ಲೀಟರ್ ಹರಿದುಹೋಗುತ್ತದೆ. ಎರಡು ಬಾಳೆಗೆ 30ರಿಂದ 40 ಲೀಟರ್, ಎರಡು ಪಪ್ಪಾಯಿಗೆ 15ರಿಂದ 20 ಲೀಟರ್, ತೊಂಡೆ ಮತ್ತು ಬಸಳೆ ಬಳ್ಳಿಗಳಿಗೆ 20 ಲೀಟರ್ ಎಂದು ಲೆಕ್ಕ ಹಾಕಿದರೆ ಈ ನೀರು ಬೇಸಿಗೆಯಲ್ಲೂ ಸರಿಹೋಗುತ್ತದೆ. ಅದನ್ನು ಹೊರುವ ಅಗತ್ಯವಿಲ್ಲದೆ ತಾನೇ ಹರಿದುಹೋಗುವಂತೆ ಕಾಲುವೆ ಮಾಡಬೇಕು. ಇದರಲ್ಲಿ ನಾಲ್ಕು ವಿಷಯಗಳನ್ನು ಗಮನಿಸತಕ್ಕದ್ದು:

1. ಬಚ್ಚಲಿನಿಂದ ನೀರು ಹೊರಬೀಳುವ ಕಡೆ ಎರಡು ಅಡಿ ಆಳದ ಒಂದು ಚಿಕ್ಕ ಗುಂಡಿ ತೋಡಿ, ಅದರಲ್ಲಿ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ ತುಂಬಬೇಕು. ಕೂದಲು, ಸಾಬೂನಿನ ಜಿಡ್ಡು ಇಲ್ಲಿ ನಿಂತು, ನೀರು ಮುಂದೆ ಹೋಗುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಜಲ್ಲಿಯನ್ನು ತೆಗೆದು ತೊಳೆದು ಹಾಕಬೇಕು.

2. ನೀರು ಎಲ್ಲಿಯೂ ನಿಲ್ಲಬಾರದು. ಕಾಲುವೆಯಲ್ಲಿ ನೀರು ನಿಂತರೆ ಸೊಳ್ಳೆ ಹುಟ್ಟುತ್ತದೆ. ಪಾತಿಗೆ ಬಿದ್ದ ನೀರು ಒಂದು ಗಂಟೆಯೊಳಗೆ ಇಂಗಬೇಕು. ಇಂಗದಿದ್ದರೆ ಪಾತಿಯನ್ನು ದೊಡ್ಡದು ಮಾಡಿ, ಒಣ ಎಲೆ ತುಂಬಬೇಕು.

3. ಬಟ್ಟೆ ಒಗೆದ ಪುಡಿಯ ನೀರನ್ನು ಇದರೊಡನೆ ಸೇರಿಸಬಾರದು. ಅದರ ಉಪ್ಪು ಮಣ್ಣನ್ನು ಗಟ್ಟಿಮಾಡುತ್ತದೆ. ಪಾತಿಯ ಅಂಚಿನಲ್ಲಿ ಬಿಳಿ ಪದರ ಕಾಣಿಸಿಕೊಂಡರೆ ಕೆಲವು ವಾರ ನೀರನ್ನು ಬೇರೆ ಪಾತಿಗೆ ತಿರುಗಿಸಬೇಕು. ಇದಕ್ಕಾಗಿ ಮೊದಲೇ ಎರಡು ಕಾಲುವೆ ಮಾಡಿಟ್ಟುಕೊಳ್ಳುವುದು ಒಳ್ಳೆಯದು.

4. ಹಸಿಯಾಗಿ ತಿನ್ನುವ ಒಂದೆಲಗ, ಪುದೀನ, ಕೊತ್ತಂಬರಿಗಳಿಗೆ ಬಚ್ಚಲ ನೀರು ಕೂಡದು. ಇವುಗಳಿಗೆ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಸಾಕಾಗುತ್ತದೆ.

ಗುಂಡಿಗಳ ಸಿದ್ಧತೆ

ಏಪ್ರಿಲ್-ಮೇ ತಿಂಗಳಲ್ಲಿ ಗುಂಡಿಗಳನ್ನು ತೆಗೆದು ಬಿಸಿಲಿಗೆ ಬಿಡಬೇಕು. ನಿಂಬೆಗೆ ಎರಡು ಅಡಿ, ನುಗ್ಗೆ, ಕರಿಬೇವು, ಪಪ್ಪಾಯಿ ಮತ್ತು ಬಾಳೆಗೆ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿಗಳು ಸಾಕು. ಮೇಲ್ಮಣ್ಣನ್ನು ಬೇರೆಯಾಗಿಟ್ಟು, ಅದಕ್ಕೆ ಒಂದೆರಡು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ ಮರಳಿ ತುಂಬಬೇಕು. ಹಸಿ ಸಗಣಿಯನ್ನು ಹಾಕಿದರೆ ಗೊಣ್ಣೆಹುಳುವಿನ ಕಾಟ ಹೆಚ್ಚುತ್ತದೆ. ಕಪ್ಪು ಮಣ್ಣಿನಲ್ಲಿ ನುಗ್ಗೆ ಮತ್ತು ಪಪ್ಪಾಯಿಯನ್ನು ಒಂದು ಅಡಿ ಎತ್ತರದ ದಿಬ್ಬದ ಮೇಲೆ ನೆಡತಕ್ಕದ್ದು. ಬುಡದಲ್ಲಿ ನೀರು ನಿಂತರೆ ಇವೆರಡೂ ಬೇಗ ಸಾಯುತ್ತವೆ.

ಮೊದಲ ಗುಂಪು: ಮರೆತರೂ ಉಳಿಯುವ ಗಿಡಗಳು

ನುಗ್ಗೆ: ಎರಡು ಗಿಡ. ಒಂದು ಕಾಯಿಗೆ, ಇನ್ನೊಂದು ಸೊಪ್ಪಿಗೆ. ತಮಿಳುನಾಡಿನ ಪೆರಿಯಕುಳಂನಲ್ಲಿ ಅಭಿವೃದ್ಧಿಪಡಿಸಿದ ಪಿಕೆಎಂ-1 ಮತ್ತು ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾನಿಲಯದ ‘ಭಾಗ್ಯ’ ತಳಿಗಳನ್ನು ಬೀಜದಿಂದ ಬೆಳೆಸಬಹುದು. ನೆರೆಮನೆಯಲ್ಲಿ ಒಳ್ಳೆಯ ಕಾಯಿ ಬಿಡುವ ಮರವಿದ್ದರೆ ಮೂರು ಅಡಿ ಉದ್ದದ, ಮುಂಗೈ ದಪ್ಪದ ಕೊಂಬೆಯನ್ನು ತಂದು ನೆಟ್ಟರೂ ಆಗುತ್ತದೆ. ಬೀಜದ ಸಸಿ ಎರಡೂವರೆ ಅಡಿ ಬೆಳೆದಾಗ ಕುಡಿ ಚಿವುಟಿದರೆ ಪಕ್ಕದ ಕೊಂಬೆಗಳು ಒಡೆಯುತ್ತವೆ. ಸೊಪ್ಪಿನ ಗಿಡವನ್ನು ಎರಡು ತಿಂಗಳಿಗೊಮ್ಮೆ ಮೂರು ನಾಲ್ಕು ಅಡಿ ಎತ್ತರಕ್ಕೆ ಸವರುತ್ತಿದ್ದರೆ ಸೊಪ್ಪು ಕೈಗೆ ಎಟಕುವಂತೆ ಇರುತ್ತದೆ. ಕಾಯಿಯ ಗಿಡವನ್ನು ಕೊಯ್ಲು ಮುಗಿದೊಡನೆ ನೆಲದಿಂದ ಮೂರು ಅಡಿಗೆ ಕಡಿದರೆ ಮತ್ತೆ ಚಿಗುರಿ ಕಾಯಿ ಬಿಡುತ್ತದೆ. ಕೊಂಬೆಗಳು ಗಾಳಿಗೆ ಬೇಗ ಮುರಿಯುವುದರಿಂದ ಮನೆಯ ಗೋಡೆಗೆ ಹತ್ತು ಅಡಿಗಿಂತ ಹತ್ತಿರ ನೆಡಬಾರದು. ನೂರು ಗ್ರಾಂ ನುಗ್ಗೆ ಸೊಪ್ಪಿನಲ್ಲಿ 6 ಗ್ರಾಂಗೂ ಹೆಚ್ಚು ಸಸಾರಜನಕ, 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದ್ದು, ‘ಎ’ ಜೀವಸತ್ವವಾಗಿ ಮಾರ್ಪಡುವ ಕೆರೋಟಿನ್ ಹೇರಳವಾಗಿದೆ.

ಕರಿಬೇವು: ಒಂದು ಗಿಡ. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದ ಡಿಡಬ್ಲ್ಯೂಡಿ-1 ಮತ್ತು ಡಿಡಬ್ಲ್ಯೂಡಿ-2 ತಳಿಗಳು ಒಳ್ಳೆಯ ಪರಿಮಳವುಳ್ಳವು. ಹಳೆಯ ಗಿಡದ ಬೇರಿನಿಂದ ಎದ್ದ ಮರಿಗಳನ್ನು ಬೇರುಸಹಿತ ಕಿತ್ತು ನೆಡಬಹುದು. ಬೀಜದಿಂದ ಬೆಳೆಸುವುದಾದರೆ ಕಪ್ಪಗೆ ಹಣ್ಣಾದುದರ ತಿರುಳು ತೆಗೆದು ಕೂಡಲೇ ಬಿತ್ತಬೇಕು. ಬೀಜವನ್ನು ಒಣಗಿಸಿಟ್ಟರೆ ಮೊಳೆಯುವ ಶಕ್ತಿ ಬೇಗ ಹೋಗುತ್ತದೆ. ಮೊದಲ ವರ್ಷ ಇದು ನಿಧಾನವಾಗಿ ಬೆಳೆಯುತ್ತದೆ. ಮೂರು ಅಡಿ ಆಗುವವರೆಗೆ ಎಲೆ ಕೀಳದೆ ಬಿಡುವುದು ಒಳ್ಳೆಯದು. ಆಮೇಲೆ ಒಂದೊಂದೇ ಎಲೆ ಕೀಳುವ ಬದಲು ಕೊಂಬೆಯ ತುದಿಯನ್ನೇ ಕತ್ತರಿಸಿದರೆ ಗಿಡ ಪೊದೆಯಾಗುತ್ತದೆ.

ನಿಂಬೆ: ಒಂದು ಗಿಡ, ಮೂಲೆಯಲ್ಲಿ. ಫಲಕ್ಕೆ ಬರಲು ಮೂರು ನಾಲ್ಕು ವರ್ಷ ಬೇಕು. ಕರಿಬೇವು ಮತ್ತು ನಿಂಬೆ ಒಂದೇ ಕುಟುಂಬದವು. ಒಂದೇ ಬಗೆಯ ಜಿಗಿಹೇನು, ಒಂದೇ ಬಗೆಯ ಎಲೆ ತಿನ್ನುವ ಹುಳು ಎರಡಕ್ಕೂ ಬರುವುದರಿಂದ ಇವನ್ನು ತೋಟದ ಎರಡು ತುದಿಗಳಲ್ಲಿ ನೆಡಬೇಕು.

ಈ ಗಿಡಗಳಿಗೆ ಮೊದಲ ಎರಡು ಬೇಸಿಗೆಯಲ್ಲಿ ಮಾತ್ರ ನೀರಿನ ಆಸರೆ ಬೇಕು. ಗಿಡದಿಂದ ಒಂದು ಅಡಿ ದೂರದಲ್ಲಿ ಆರರಿಂದ ಎಂಟು ಲೀಟರ್ ಹಿಡಿಯುವ ಮಣ್ಣಿನ ಮಡಕೆಯನ್ನು ಕಂಠದವರೆಗೆ ಹೂಳಿ, ನೀರು ತುಂಬಿ, ಮೇಲೆ ಕಲ್ಲು ಮುಚ್ಚಬೇಕು. ಮಡಕೆಯ ಮೈಯಿಂದ ನೀರು ಜಿನುಗಿ ಬೇರಿಗೆ ಸಿಗುತ್ತದೆ. ನಾಲ್ಕೈದು ದಿನಕ್ಕೊಮ್ಮೆ ತುಂಬಿದರೆ ಸಾಕು.

ಚಕ್ರಮುನಿ: ಒಂದು ಬದಿಯ ಬೇಲಿಯುದ್ದಕ್ಕೂ ಎರಡು ಅಡಿಗೊಂದರಂತೆ ಹತ್ತು ಗಿಡ. ಒಂದು ಗೇಣು ಉದ್ದದ, ಪೆನ್ಸಿಲ್ ದಪ್ಪದ ಬಲಿತ ಕಡ್ಡಿಗಳನ್ನು ಮಳೆಗಾಲದಲ್ಲಿ ನೆಟ್ಟರೆ ಬೇರು ಬಿಡುತ್ತವೆ. ನಾಲ್ಕು ತಿಂಗಳ ನಂತರ ಕುಡಿ ಕೊಯ್ಯಲು ಆರಂಭಿಸಬಹುದು. ಎರಡು ಅಡಿ ಎತ್ತರಕ್ಕೆ ಸವರುತ್ತಿದ್ದರೆ ಹಲವು ವರ್ಷ ಸೊಪ್ಪು ಕೊಡುತ್ತದೆ. ಅರೆನೆರಳಿನಲ್ಲೂ ಬರುತ್ತದೆ. ಇದರ ಬಗ್ಗೆ ಒಂದು ಎಚ್ಚರಿಕೆ ಅತ್ಯವಶ್ಯ. ಇದನ್ನು ಬೇಯಿಸಿ, ಇತರ ಸೊಪ್ಪುಗಳ ಜೊತೆ ಸರದಿಯಂತೆ ತಿನ್ನಬೇಕು. 1994-95ರಲ್ಲಿ ತೈವಾನ್ ದೇಶದಲ್ಲಿ ಮೈ ಇಳಿಸಿಕೊಳ್ಳಲೆಂದು ಇದರ ಹಸಿ ರಸವನ್ನು ವಾರಗಟ್ಟಲೆ ಕುಡಿದ ಅನೇಕರ ಶ್ವಾಸಕೋಶಕ್ಕೆ ಗುಣವಾಗದ ಹಾನಿಯಾಯಿತು. ಹಸಿ ರಸವನ್ನು ಔಷಧವೆಂದು ಕುಡಿಯಲೇಬಾರದು.

ಎರಡನೆಯ ಗುಂಪು: ಬಚ್ಚಲ ನೀರಿನಲ್ಲಿ ಬೆಳೆಯುವವು

ಬಾಳೆ: ಬಚ್ಚಲ ಕಾಲುವೆಯ ಮೊದಲ ಪಾತಿಯಲ್ಲಿ ಎರಡು. ಏಲಕ್ಕಿ ಬಾಳೆ ಮನೆಬಳಕೆಗೆ ಒಳ್ಳೆಯದು. ಈಟಿಯಂತೆ ಕಿರಿದಾದ ಎಲೆಯ ಕಂದುಗಳನ್ನು ಆರಿಸಬೇಕು. ಪ್ರತಿ ಬುಡದಲ್ಲಿ ತಾಯಿಗಿಡ ಮತ್ತು ಒಂದು ಕಂದನ್ನು ಮಾತ್ರ ಬಿಟ್ಟು ಉಳಿದವನ್ನು ಕತ್ತರಿಸುತ್ತಿರಬೇಕು. ಗೊನೆ ಕಡಿದ ಮೇಲೆ ದಿಂಡನ್ನು ಅಡಿಗೆಗೆ ಬಳಸಿ, ಉಳಿದ ಪಟ್ಟೆಗಳನ್ನು ಕತ್ತರಿಸಿ ಅದೇ ಪಾತಿಗೆ ಹೊದಿಸಬೇಕು.

ಪಪ್ಪಾಯಿ: ಎರಡು ಗಿಡ, ಆರು ಅಡಿ ಅಂತರ. ಗಂಡು ಗಿಡ ಬರದಂಥ ತಳಿಗಳಾದ ಕೂರ್ಗ್ ಹನಿಡ್ಯೂ, ಅರ್ಕ ಸೂರ್ಯ, ಅರ್ಕ ಪ್ರಭಾತ್ ಇವುಗಳಲ್ಲಿ ಒಂದನ್ನು ನಂಬಿಕೆಯ ಸಸ್ಯಾಗಾರದಿಂದ ತರುವುದು ಮೇಲು. ನೀರು ಬುಡಕ್ಕೆ ತಾಗದಂತೆ ಕಾಂಡದ ಸುತ್ತ ಮಣ್ಣು ಏರಿಸಿ, ಹೊರಗಡೆ ಉಂಗುರದಂತೆ ಪಾತಿ ಮಾಡಬೇಕು. ಮೂರು ವರ್ಷವಾದ ಮೇಲೆ ಹಳೆಯ ಗಿಡ ತೆಗೆದು ಬೇರೆ ಜಾಗದಲ್ಲಿ ಹೊಸದನ್ನು ನೆಡಬೇಕು.

ತೊಂಡೆ: ಆರು ಅಡಿ ಅಗಲ, ಎಂಟು ಅಡಿ ಉದ್ದದ ಗಟ್ಟಿ ಚಪ್ಪರಕ್ಕೆ ಎರಡು ಬಳ್ಳಿ ಸಾಕು. ಚೆನ್ನಾಗಿ ಕಾಯಿ ಬಿಡುವ ಬಳ್ಳಿಯಿಂದಲೇ ನಾಲ್ಕೈದು ಗೆಣ್ಣಿನ ತುಂಡುಗಳನ್ನು ತರಬೇಕು. ಬೀಜದಿಂದ ಬೆಳೆಸಿದರೆ ಕಾಯಿ ಬಿಡದ ಗಂಡು ಬಳ್ಳಿಗಳೂ ಬರುತ್ತವೆ. ಎರಡು ಮೂರು ತಿಂಗಳಿಗೆ ಕಾಯಿ ಆರಂಭವಾಗುತ್ತದೆ. ಇಳುವರಿ ಕುಗ್ಗಿದಾಗ ಬಳ್ಳಿಯನ್ನು ಬುಡದ ಹತ್ತಿರ ಸವರಿ, ಗೊಬ್ಬರ ಕೊಟ್ಟರೆ ಮತ್ತೆ ಹೊಸದಾಗಿ ಹಬ್ಬುತ್ತದೆ. ಹೀಗೆ ಮೂರು ನಾಲ್ಕು ವರ್ಷ ನಡೆಯುತ್ತದೆ.

ಬಸಳೆ: ನಾಲ್ಕು ಬಳ್ಳಿ. ಅಡಿಗೆಗೆ ತಂದ ಬಸಳೆಯ ಬಲಿತ ದಂಟನ್ನೇ ಒಂದು ಗೇಣು ಉದ್ದಕ್ಕೆ ಕತ್ತರಿಸಿ ನೆಡಬಹುದು. ಎಲೆಗಳ ಮೇಲೆ ಕೆಂಪು ಅಂಚಿನ ಚುಕ್ಕೆಗಳು ಬಂದರೆ ಅಂಥ ಎಲೆಗಳನ್ನು ಕಿತ್ತು ಸುಡುವುದೇ ಪರಿಹಾರ. ಬಸಳೆಯಲ್ಲಿ ಆಕ್ಸಲೇಟ್ ಅಂಶ ಹೆಚ್ಚಾಗಿರುವುದರಿಂದ ಮೂತ್ರಕೋಶದ ಕಲ್ಲಿನ ತೊಂದರೆ ಇರುವವರು ಮಿತವಾಗಿ ತಿನ್ನಬೇಕು.

ಕಾಲುವೆಯ ಕೊನೆಯ ತೇವದಲ್ಲಿ ಕೆಸುವಿನ ನಾಲ್ಕು ಗೆಡ್ಡೆ, ಬಾಳೆಯ ನೆರಳಿನಲ್ಲಿ ಸ್ವಲ್ಪ ಅರಿಶಿನ ಮತ್ತು ಶುಂಠಿ ಹಾಕಬಹುದು. ಕೆಸುವಿನ ಎಲೆಯನ್ನು ಹುಣಸೆಹುಳಿ ಸೇರಿಸಿ ಚೆನ್ನಾಗಿ ಬೇಯಿಸದಿದ್ದರೆ ಗಂಟಲು ತುರಿಸುತ್ತದೆ.

ಮೂರನೆಯ ಗುಂಪು: ತಾವೇ ಬೀಜ ಉದುರಿಸಿ ಹುಟ್ಟುವವು

ಮೂರು ಅಡಿ ಅಗಲ, ಹತ್ತು ಅಡಿ ಉದ್ದದ ಒಂದು ಮಡಿಯನ್ನು ಇವುಗಳಿಗೆಂದೇ ಬಿಡಬೇಕು. ಮೊದಲ ಮಳೆಗಾಲದಲ್ಲಿ ದಂಟು, ಹರಿವೆ ಮತ್ತು ಪುಂಡಿಯ ಬೀಜವನ್ನು ಚೆಲ್ಲಿ, ಬಂದ ಗಿಡಗಳಲ್ಲಿ ಪ್ರತಿಯೊಂದರಲ್ಲೂ ಎರಡು ಮೂರು ಒಳ್ಳೆಯ ಗಿಡಗಳನ್ನು ಕೀಳದೆ ಬಲಿಯಲು ಬಿಡಬೇಕು. ಬೀಜ ಮಾಗಿದಾಗ ಅಲ್ಲೇ ಕೊಡವಿದರೆ ಮುಂದಿನ ಮಳೆಗೆ ಬಿತ್ತನೆಯ ಕೆಲಸವೇ ಇರುವುದಿಲ್ಲ. ಗೋಣಿಸೊಪ್ಪು ತಾನಾಗಿಯೇ ಈ ಮಡಿಗೆ ಬರುತ್ತದೆ. ಅದನ್ನು ಕಳೆಯೆಂದು ಎಸೆಯದೆ ಸಾರಿಗೆ ಬಳಸಬಹುದು. ಗಣಿಕೆ ಸೊಪ್ಪನ್ನು ಬೇಯಿಸಿ ತಿನ್ನಬಹುದು, ಆದರೆ ಅದರ ಹಸಿರು ಕಾಯಿಗಳು ವಿಷಕರವಾದ್ದರಿಂದ ಮಕ್ಕಳಿಗೆ ತಿಳಿಸಿಹೇಳಬೇಕು.

ಇದೇ ಮಡಿಯ ಅಂಚಿನಲ್ಲಿ ಎರಡು ಸೂಜಿ ಮೆಣಸಿನ ಗಿಡ, ನಾಲ್ಕು ಬದನೆ ಗಿಡ ಇರಲಿ. ಸೂಜಿ ಮೆಣಸು ಎರಡು ಮೂರು ವರ್ಷ ಬದುಕುತ್ತದೆ. ಬದನೆಯನ್ನು ಮೊದಲ ಫಸಲು ಮುಗಿದ ಮೇಲೆ ನೆಲದಿಂದ ಒಂದು ಅಡಿಗೆ ಸವರಿದರೆ ಮತ್ತೆ ಚಿಗುರಿ ಕಾಯಿ ಕೊಡುತ್ತದೆ. ಬೇಲಿಗೆ ಮೂರು ನಾಲ್ಕು ಚಪ್ಪರದವರೆ ಬೀಜ ಹಾಕಿದರೆ ಚಳಿಗಾಲದ ಕಾಯಿ ಸಿಕ್ಕಿದಂತಾಯಿತು.

ಬಾಗಿಲ ಬಳಿಯ ಮೂಲಿಕೆಗಳು

ಅಡಿಗೆಮನೆಯ ಬಾಗಿಲಿಗೆ ಹತ್ತಿರ, ಕೈ ತೊಳೆದ ನೀರು ಬೀಳದಂತೆ, ಐದು ಅಡಿ ಉದ್ದದ ಚಿಕ್ಕ ಮಡಿ ಸಾಕು.

ದೊಡ್ಡಪತ್ರೆ: ಕಡ್ಡಿ ಚುಚ್ಚಿದರೆ ಬರುತ್ತದೆ. ಅರೆನೆರಳು ಇಷ್ಟ. ನೀರು ಹೆಚ್ಚಾದರೆ ಕೊಳೆಯುತ್ತದೆ. ತಂಬುಳಿ, ಚಟ್ನಿ, ಬಜ್ಜಿಗೆ ಉಪಯೋಗ.

ತುಳಸಿ: ತಾನೇ ಬೀಜ ಉದುರಿಸಿ ಹುಟ್ಟುತ್ತದೆ. ಹೂತೆನೆ ಚಿವುಟುತ್ತಿದ್ದರೆ ಗಿಡ ಹೆಚ್ಚು ದಿನ ಬಾಳುತ್ತದೆ.

ಮಜ್ಜಿಗೆ ಹುಲ್ಲು: ಒಂದು ಬುಡ ನೆಟ್ಟರೆ ವರ್ಷದಲ್ಲಿ ದೊಡ್ಡ ಮೆಳೆಯಾಗುತ್ತದೆ. ಮೂರು ವರ್ಷಕ್ಕೊಮ್ಮೆ ಕಿತ್ತು, ಬಿಡಿಸಿ, ಮತ್ತೆ ನೆಡಬೇಕು.

ಒಂದೆಲಗ ಮತ್ತು ಪುದೀನ: ಇವೆರಡಕ್ಕೆ ಸದಾ ತೇವ ಬೇಕು. ಹದಿನೈದು ದಿನ ಮರೆತರೆ ಉಳಿಯುವುದಿಲ್ಲ. ಆದ್ದರಿಂದ ಪಾತ್ರೆ ತೊಳೆಯುವ ಮುನ್ನ ಅಕ್ಕಿ ತೊಳೆದ ನೀರನ್ನು ಚೆಲ್ಲುವ ಜಾಗದಲ್ಲೇ ಇವನ್ನು ನೆಡಬೇಕು.

ಲೋಳೆಸರ: ನೀರಿಲ್ಲದೆಯೂ ಬದುಕುತ್ತದೆ. ಸಣ್ಣ ಸುಟ್ಟ ಗಾಯಕ್ಕೆ ತಣ್ಣೀರು ಹಾಕಿದ ಮೇಲೆ ತಿರುಳನ್ನು ಹಚ್ಚಬಹುದು.

ಮನೆಮದ್ದು ನೆಗಡಿ, ಸಣ್ಣ ಕೆಮ್ಮಿನಂಥ ಕಿರುಕುಳಗಳಿಗೆ ಮಾತ್ರ. ಅಮೃತಬಳ್ಳಿಯ ಕಷಾಯವನ್ನು ದಿನವೂ ಬಹುಕಾಲ ಕುಡಿದವರಲ್ಲಿ ಯಕೃತ್ತಿಗೆ ತೊಂದರೆಯಾದ ಪ್ರಕರಣಗಳು ವರದಿಯಾಗಿವೆ. ಮೂರು ದಿನ ಮೀರಿದ ಜ್ವರಕ್ಕೆ, ಎಳೆಯ ಮಕ್ಕಳ ಮತ್ತು ಗರ್ಭಿಣಿಯರ ಕಾಯಿಲೆಗೆ ಹಿತ್ತಲ ಮದ್ದನ್ನು ನೆಚ್ಚದೆ ವೈದ್ಯರ ಬಳಿಗೆ ಹೋಗತಕ್ಕದ್ದು.

ಹೊದಿಕೆ ಮತ್ತು ಗೊಬ್ಬರ

ಕೈತೋಟದಲ್ಲಿ ಅರ್ಧ ಕೆಲಸವನ್ನು ಉಳಿಸುವುದು ಹೊದಿಕೆ. ಕಸ ಗುಡಿಸಿ ಬೆಂಕಿ ಇಡುವ ಬದಲು ಆ ಒಣ ಎಲೆ, ರಾಗಿ ಹುಲ್ಲಿನ ಚೂರು, ಸವರಿದ ಗೊಬ್ಬರದ ಗಿಡದ ಸೊಪ್ಪು ಎಲ್ಲವನ್ನೂ ಗಿಡಗಳ ಬುಡದಲ್ಲಿ ಒಂದು ಗೇಣು ದಪ್ಪಕ್ಕೆ ಹರಡಬೇಕು. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಬೇಕು. ಇದರಿಂದ ಕಳೆ ಏಳುವುದಿಲ್ಲ, ತೇವ ಆರುವುದಿಲ್ಲ, ಮಣ್ಣು ಮೆದುವಾಗುತ್ತದೆ. ಗೆದ್ದಲು ಇರುವ ಕಡೆ ಒಣ ಕಡ್ಡಿಗಳಿಗಿಂತ ಹಸಿ ಸೊಪ್ಪನ್ನು ಹೆಚ್ಚಾಗಿ ಬಳಸಿ, ಬೇವಿನ ಹಿಂಡಿ ಸೇರಿಸಬೇಕು. ಗೊಬ್ಬರವನ್ನು ವರ್ಷಕ್ಕೆ ಎರಡು ಸಲ, ಮುಂಗಾರಿನ ಆರಂಭದಲ್ಲಿ ಮತ್ತು ಮಳೆಗಾಲದ ಕೊನೆಯಲ್ಲಿ, ಗಿಡಕ್ಕೊಂದು ಬುಟ್ಟಿಯಂತೆ ಕೊಟ್ಟರೆ ಸಾಕು.

ಕೀಟಗಳ ವಿಷಯ

ಮನೆಯವರು ದಿನವೂ ಕಿತ್ತು ತಿನ್ನುವ ಗಿಡಗಳಿಗೆ ಹೊಲದ ಔಷಧಗಳನ್ನು ಸಿಂಪಡಿಸುವುದು ಸರ್ವಥಾ ಸಲ್ಲದು. ಕಳೆನಾಶಕ ಬಳಸಿದ ಪಂಪನ್ನು ಹಿತ್ತಲಿಗೆ ತರಕೂಡದು. ಕ್ರಿಮಿನಾಶಕದ ಖಾಲಿ ಡಬ್ಬಿಯಲ್ಲಿ ನೀರು ಹಾಕುವುದೂ ಅಪಾಯ.

ನಿಂಬೆ ಮತ್ತು ಕರಿಬೇವಿನ ಎಲೆ ತಿನ್ನುವ ಹುಳು ಚಿಕ್ಕದಿರುವಾಗ ಹಕ್ಕಿಯ ಹಿಕ್ಕೆಯಂತೆ, ಬೆಳೆದ ಮೇಲೆ ಹಸಿರಾಗಿ ಕಾಣುತ್ತದೆ. ಒಂದು ಗಿಡದಲ್ಲಿ ಐದಾರು ಇರುತ್ತವೆ, ಕೈಯಿಂದಲೇ ಆರಿಸಬಹುದು. ನುಗ್ಗೆಯ ಕಂಬಳಿಹುಳುಗಳು ಹಗಲು ಕಾಂಡದ ಮೇಲೆ ಗುಂಪಾಗಿ ಕೂರುವಾಗ ದೀವಟಿಗೆಯಿಂದ ಸುಡಬಹುದು. ಹೇನು, ಜಿಗಿಹೇನು ಹೆಚ್ಚಾದರೆ 50 ಗ್ರಾಂ ಬೇವಿನ ಬೀಜದ ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಸ್ವಲ್ಪ ಸಾಬೂನಿನ ನೀರು ಸೇರಿಸಿ ಸಂಜೆ ಸಿಂಪಡಿಸಬೇಕು.

ಔಷಧ ಹೊಡೆಯದಿರುವುದರಿಂದ ಆಗುವ ಲಾಭಕ್ಕೆ ಒಂದು ನಿದರ್ಶನವಿದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡ ಪಪ್ಪಾಯಿಯ ಬಿಳಿ ಹಿಟ್ಟು ತಿಗಣೆ ಕರ್ನಾಟಕಕ್ಕೂ ಹರಡಿ, ಪಪ್ಪಾಯಿ, ಹಿಪ್ಪುನೇರಳೆ ಮುಂತಾದ ಬೆಳೆಗಳನ್ನು ಹಾಳುಮಾಡಿತು. ಎಷ್ಟು ಔಷಧ ಹೊಡೆದರೂ ಹತೋಟಿಗೆ ಬರಲಿಲ್ಲ. 2010ರಲ್ಲಿ ಈ ತಿಗಣೆಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಸಣ್ಣ ಕಣಜವೊಂದನ್ನು ಬೆಂಗಳೂರಿನ ವಿಜ್ಞಾನಿಗಳು ಹೊರದೇಶದಿಂದ ತರಿಸಿ ಬಿಡುಗಡೆ ಮಾಡಿದರು. ಅದರಿಂದ ಪಿಡುಗು ಇಳಿಯಿತು. ಔಷಧ ಹೊಡೆದ ಕಡೆ ಇಂಥ ಕಣಜಗಳು ಉಳಿಯುವುದಿಲ್ಲ. ಹಿತ್ತಲ ಪಪ್ಪಾಯಿಯಲ್ಲಿ ಬಿಳಿ ತಿಗಣೆ ಕಂಡರೆ ಆ ಎಲೆಗಳನ್ನು ತೆಗೆದು, ಜೋರಾಗಿ ನೀರೆರಚಿ, ಉಳಿದುದನ್ನು ಕಣಜಕ್ಕೆ ಬಿಡಬೇಕು.

ವರ್ಷದ ಕೆಲಸಗಳು

ಏಪ್ರಿಲ್-ಮೇ: ಬೇಲಿ, ಗುಂಡಿ, ಬಚ್ಚಲ ಕಾಲುವೆ.
ಜೂನ್-ಜುಲೈ: ಎಲ್ಲ ಗಿಡಗಳನ್ನು ನೆಡುವುದು, ಸೊಪ್ಪಿನ ಬೀಜ ಚೆಲ್ಲುವುದು. ಈ ಎರಡು ತಿಂಗಳು ಮಾತ್ರ ದಿನವೂ ಒಮ್ಮೆ ನೋಡಬೇಕು.
ಆಗಸ್ಟ್-ಸೆಪ್ಟೆಂಬರ್: ಸತ್ತ ಗಿಡಗಳ ಜಾಗದಲ್ಲಿ ಮರುನಾಟಿ, ಚಪ್ಪರ ಕಟ್ಟುವುದು.
ಅಕ್ಟೋಬರ್-ನವೆಂಬರ್: ಗೊಬ್ಬರ ಕೊಟ್ಟು, ಮಣ್ಣಿನಲ್ಲಿ ತೇವ ಇರುವಾಗಲೇ ದಪ್ಪನಾಗಿ ಹೊದಿಕೆ ಹಾಕುವುದು. ಇದು ವರ್ಷದ ಅತಿ ಮುಖ್ಯ ಕೆಲಸ.
ಡಿಸೆಂಬರ್-ಜನವರಿ: ಬೀಜಕ್ಕೆ ಬಿಟ್ಟ ಗಿಡಗಳನ್ನು ಕೊಡವುವುದು, ಬೇಲಿ ಸರಿಪಡಿಸುವುದು. ಅರಿಶಿನದ ಎಲೆ ಒಣಗಿದ ಮೇಲೆ ಗೆಡ್ಡೆ ಕೀಳುವುದು.
ಫೆಬ್ರವರಿ-ಮಾರ್ಚ್: ಮಡಕೆಗಳಿಗೆ ನೀರು, ಬಚ್ಚಲ ಜಲ್ಲಿ ತೊಳೆಯುವುದು.

ಮಲೆನಾಡು ಮತ್ತು ಕರಾವಳಿಯಲ್ಲಿ ಜೋರು ಮಳೆ ಇಳಿದ ಮೇಲೆ, ಸೆಪ್ಟೆಂಬರ್‌ನಲ್ಲಿ ನುಗ್ಗೆ, ಪಪ್ಪಾಯಿ ನೆಡುವುದು ಕ್ಷೇಮ. ಅಲ್ಲಿ ಬಸಳೆ, ಕೆಸು, ಚಕ್ರಮುನಿ, ಒಂದೆಲಗಗಳೇ ತೋಟದ ಮುಖ್ಯ ಭಾಗವಾಗಲಿ.

ಕೊನೆಯ ಮಾತು

ಗುಂಡಿ ತೋಡುವುದು, ಬೇಲಿ ಕಟ್ಟುವುದು, ಕಾಲುವೆ ಮಾಡುವುದು ಮನೆಯ ಗಂಡಸರ ಕೆಲಸವೆಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಈ ನಾಲ್ಕು ದಿನದ ದುಡಿಮೆಯಾದರೆ ಮುಂದೆ ಗೃಹಿಣಿಗೆ ಉಳಿಯುವುದು ಸೊಪ್ಪು ಕೊಯ್ಯುವುದು ಮಾತ್ರ. ಎಲ್ಲವನ್ನೂ ಒಂದೇ ವರ್ಷ ಮಾಡಲಾಗದವರು ಈ ಮುಂಗಾರಿನಲ್ಲಿ ಎರಡು ನುಗ್ಗೆ, ಒಂದು ಕರಿಬೇವು, ಹತ್ತು ಚಕ್ರಮುನಿ ಕಡ್ಡಿ ನೆಟ್ಟರೂ ಸಾಕು.

ವಿಸ್ತರಣಾ ಕಾರ್ಯಕರ್ತರು ತಮ್ಮ ಹಳ್ಳಿಯಲ್ಲಿ ಜೂನ್‌ನಲ್ಲಿ ಎಷ್ಟು ಬೀಜದ ಪೊಟ್ಟಣ ಹಂಚಿದೆವೆಂದು ಲೆಕ್ಕ ಬರೆಯುವುದರ ಜೊತೆಗೆ, ಮುಂದಿನ ಏಪ್ರಿಲ್‌ನಲ್ಲಿ ಎಷ್ಟು ಹಿತ್ತಲಲ್ಲಿ ಹಸಿರು ಉಳಿದಿದೆಯೆಂದು ಒಮ್ಮೆ ಸುತ್ತಿ ಬರೆದುಕೊಳ್ಳಬೇಕು. ಬೇಸಿಗೆಯಲ್ಲಿ ಉಳಿದ ತೋಟಗಳಿಂದಲೇ ನುಗ್ಗೆಯ ಕೊಂಬೆ, ಬಸಳೆಯ ದಂಟು, ತೊಂಡೆಯ ಬಳ್ಳಿಗಳನ್ನು ನೆರೆಮನೆಗಳಿಗೆ ಕೊಡಿಸಿದರೆ ಖರ್ಚಿಲ್ಲದೆ ಊರೆಲ್ಲ ಹರಡುತ್ತದೆ. ಸಸಿ ಮತ್ತು ಹೆಚ್ಚಿನ ತಿಳಿವಳಿಕೆಗಾಗಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ, ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರವನ್ನಾಗಲಿ ಸಂಪರ್ಕಿಸಬಹುದು.